ಶಾಲೆಯ ಬಯಲು, ಊರಿನ ಆಟ



ಚಾರ್ಮಾಡಿ ಘಾಟಿಯ ತಿರುವುಗಳನ್ನು ಏದುಸಿರು ಬಿಡುತ್ತ ಹತ್ತಿ ಬಂದ ಬಸ್ಸು ಮೊದಲು ನಿಲ್ಲುವ ಊರು ಕೊಟ್ಟಿಗೆಹಾರ. ಮಂಗಳೂರಿನಿಂದ ಬಂದ ಹೆದ್ದಾರಿ ಇಲ್ಲಿಂದ ಬಣಕಲ್, ಮೂಡಿಗೆರೆಗಳ ಕಡೆ ಸಾಗುತ್ತದೆ. ಇನ್ನೊಂದು ರಸ್ತೆ ಬಾಳೂರಿನ ಮಾರ್ಗವಾಗಿ ಕಳಸ, ಹೊರನಾಡುಗಳತ್ತ ಕವಲೊಡೆಯುತ್ತದೆ. ಹೊರಗಿನವರಿಗೆ ಈ ಊರು ಗೊತ್ತಿರುವುದು ಮೂರು ಕಾರಣಕ್ಕೆ: ಒಂದು, ಇಲ್ಲಿನ ನೀರುದೋಸೆ. ಎರಡು, ಮಳೆಗಾಲದಲ್ಲಿ ಪತ್ರಿಕೆಗಳ ಹವಾಮಾನ ವರದಿಯಲ್ಲಿ ಮತ್ತೆ ಮತ್ತೆ ಕಾಣಿಸುವ ಇದರ ಹೆಸರು. ಮೂರು, ಮೂಡಿಗೆರೆಯಲ್ಲಿ ನೆಲೆಸಿ ಈ ಕಾಡು ಹಳ್ಳಿಗಳನ್ನೇ ಬರೆದ ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ.

ಆದರೆ ಇಂಥ ಊರಿನಲ್ಲಿ ಬೆಳೆಯುವ ಮಕ್ಕಳಿಗೆ ಈ ಮೂರಕ್ಕಿಂತ ಹತ್ತಿರದ ಪ್ರಶ್ನೆ ಒಂದಿದೆ. ಸಂಜೆ ನಾಲ್ಕೂವರೆಗೆ ಗಂಟೆ ಬಾರಿಸಿದ ಮೇಲೆ ಆಡುವುದೆಲ್ಲಿ?

ಪ್ರಶ್ನೆ ಸಣ್ಣದೆಂದು ತೋರಬಹುದು. ಬಯಲುಸೀಮೆಯವರಿಗಂತೂ ನಗು ಬಂದೀತು. ಅವರಿಗೆ ಬಯಲಿಗೇನು ಬರ? ಮಲೆನಾಡಿನ ಲೆಕ್ಕವೇ ಬೇರೆ. ಇಲ್ಲಿ ನೆಲವೆಂದರೆ ಇಳಿಜಾರು. ಇಳಿಜಾರಿನಲ್ಲಿ ಕಾಫಿ, ಮೆಣಸಿನ ಬಳ್ಳಿ, ನೆರಳಿನ ಮರ. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಗದ್ದೆ. ಅದರಾಚೆ ಕಾಡು. ಸಮತಟ್ಟಾದ ಜಾಗ ಬೇಕೆಂದರೆ ಗುಡ್ಡ ಕಡಿದು ಮಾಡಿಕೊಳ್ಳಬೇಕು. ಹಾಗೆ ಮಾಡಿಕೊಂಡ ಜಾಗಗಳು ಒಂದು ಹಳ್ಳಿಯಲ್ಲಿ ಎಷ್ಟಿದ್ದಾವು? ತೋಟದ ಮನೆಯ ಮುಂದಿನ ಕಾಫಿ ಕಣ, ದೇವಸ್ಥಾನದ ಅಂಗಳ, ಮತ್ತು ಶಾಲೆಯ ಮೈದಾನ. ಕಣ ತೋಟದವರದು. ಅಂಗಳ ದೇವರದು. ಎಲ್ಲ ಮನೆಯ ಮಕ್ಕಳೂ ಯಾರನ್ನೂ ಕೇಳದೆ ಕಾಲಿಡಬಹುದಾದ ಸಮತಟ್ಟು ನೆಲ ಶಾಲೆಯ ಮೈದಾನ ಒಂದೇ.

ಆದ್ದರಿಂದಲೇ ಶಾಲೆಯ ಮೈದಾನ ಶಾಲೆಯದೋ, ಊರಿನದೋ ಎಂಬ ಪ್ರಶ್ನೆ ಮಲೆನಾಡಿನಲ್ಲಿ ಬರಿಯ ಕಾನೂನಿನ ಪ್ರಶ್ನೆಯಲ್ಲ. ಶಾಲೆಗೆ ಬೇಲಿ ಹಾಕಿ ಗೇಟಿಗೆ ಬೀಗ ಜಡಿದರೆ ಊರಿನ ಆಟವೇ ನಿಲ್ಲುತ್ತದೆ. ಗೇಟನ್ನು ಹಾರುಹೊಡೆದು ಬಿಟ್ಟರೆ ಬೆಳಿಗ್ಗೆ ಮಕ್ಕಳು ಒಡೆದ ಬಾಟಲಿಗಳ ನಡುವೆ ಪ್ರಾರ್ಥನೆಗೆ ನಿಲ್ಲಬೇಕಾಗುತ್ತದೆ. ಈ ಎರಡರ ನಡುವೆ ಒಂದು ದಾರಿ ಇದೆಯೆ? ಅದನ್ನು ಪಂಚಾಯಿತಿ ಮತ್ತು ಶಾಲೆ ಕೂಡಿ ಕಂಡುಕೊಳ್ಳಬಹುದೆ? ಇಂದಿನ ಮಾತಿನ ವಸ್ತು ಇದು.

ಅತಿಥಿ ಯಾರು?

ಊರು ಶಾಲೆಯ ಜಾಗವನ್ನು ಕೇಳುವುದು ಈ ಕಾಲದ ಮಾತು. ಮೊದಲು ಜಾಗ ಕೇಳುತ್ತಿದ್ದದ್ದು ಶಾಲೆ. ಐಗಳ ಮಠಗಳ ಕಾಲದಲ್ಲಿ ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಗೌಡರ ಮನೆಯ ಜಗಲಿ, ದೇವಸ್ಥಾನದ ಪೌಳಿ, ಊರ ಮುಂದಿನ ಕಟ್ಟೆ, ಇವೇ ಪಾಠದ ಮನೆಗಳು. ಮರಳಿನ ಮೇಲೆ ಅಕ್ಷರ ತಿದ್ದಿಸಿ ಮುಗಿದ ಮೇಲೆ ಅದೇ ಜಗಲಿಯಲ್ಲಿ ನ್ಯಾಯ ಪಂಚಾಯಿತಿ ನಡೆಯುತ್ತಿತ್ತು, ರಾತ್ರಿ ಪುರಾಣ ಪ್ರವಚನ ನಡೆಯುತ್ತಿತ್ತು. ಅಂದರೆ ಶಾಲೆ ಊರಿನ ಜಾಗದಲ್ಲಿ ಅತಿಥಿಯಾಗಿತ್ತು.

ಹಳೆಯ ಮೈಸೂರು ಸಂಸ್ಥಾನದಲ್ಲಿ ಈ ಚಿತ್ರ ಬದಲಾದದ್ದು 1868ರಿಂದ. ಆಗ ಶಿಕ್ಷಣ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ಅವರು ಹೋಬಳಿಗೊಂದು ಸರ್ಕಾರಿ ಶಾಲೆ ಎಂಬ ಯೋಜನೆಯನ್ನು ಮುಂದಿಟ್ಟರು. ಶಾಸನಗಳನ್ನು ಹುಡುಕಿ ಪ್ರಕಟಿಸಿದ ರೈಸ್ ಎಂದೇ ಕನ್ನಡಿಗರು ಅವರನ್ನು ಬಲ್ಲರು. ಹಳ್ಳಿಯ ಶಾಲೆಗೆ ಅವರಿಂದಾದ ಉಪಕಾರ ಅಷ್ಟು ಪ್ರಸಿದ್ಧವಲ್ಲ. ಈ ಶಾಲೆಗಳೊಂದಿಗೆ ಹಾಜರಿ ಪುಸ್ತಕ, ಇನ್ಸ್‌ಪೆಕ್ಟರು, ನಿಗದಿಯಾದ ವೇಳೆ ಬಂದವು. ಮುಂದೆ ಸ್ವಂತ ಕಟ್ಟಡ, ಸ್ವಂತ ಆವರಣ ಬಂದವು.

ಆ ಮೇಲೆ ಶಾಲೆಯ ಯಜಮಾನರು ಬದಲಾಗುತ್ತಲೇ ಹೋದರು. 1930ರ ಮೈಸೂರು ಪ್ರಾಥಮಿಕ ಶಿಕ್ಷಣ ಶಾಸನ ಹಳ್ಳಿಯ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳ ಆಡಳಿತಕ್ಕೆ ಒಪ್ಪಿಸಿತು. ಹತ್ತೇ ವರ್ಷಗಳ ಅನುಭವದ ನಂತರ, 1941ರಲ್ಲಿ, ಸರ್ಕಾರ ಅವನ್ನು ಮತ್ತೆ ತನ್ನ ಕೈಗೆ ತೆಗೆದುಕೊಂಡಿತು. ಕಡೂರು ಜಿಲ್ಲೆ ಎಂದಿದ್ದುದು 1947ರಲ್ಲಿ ಚಿಕ್ಕಮಗಳೂರು ಜಿಲ್ಲೆಯಾಯಿತು. ಅಬ್ದುಲ್ ನಜೀರ್ ಸಾಬರ ಶ್ರಮದಿಂದ ರೂಪುಗೊಂಡ 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದಾಗ ಶಾಲೆಗಳು ಪುನಃ ಚುನಾಯಿತರ ಕಡೆ ವಾಲಿದವು. 1993ರ ಪಂಚಾಯತ್ ರಾಜ್ ಅಧಿನಿಯಮ ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಹಂತಗಳನ್ನು ಗೊತ್ತುಮಾಡಿತು.

ಇದರ ಫಲವಾಗಿ ಈಗ ಒಂದೇ ಆವರಣಕ್ಕೆ ಹಲವು ಒಡೆಯರು. ಮೇಷ್ಟ್ರ ಸಂಬಳ ಶಿಕ್ಷಣ ಇಲಾಖೆಯದು. ಕಟ್ಟಡದ ಅನುದಾನ ಜಿಲ್ಲೆ, ತಾಲ್ಲೂಕು ಪಂಚಾಯಿತಿಗಳ ಮೂಲಕ ಬರುತ್ತದೆ. ಮುಂದಿನ ರಸ್ತೆ, ನಲ್ಲಿ ನೀರು, ಬೀದಿ ದೀಪ ಗ್ರಾಮ ಪಂಚಾಯಿತಿಯವು. ಮೈದಾನದ ಅಂಚಿನ ಮರ ಕಡಿಯಬೇಕಾದರೆ ಅರಣ್ಯ ಇಲಾಖೆಯ ಬಾಗಿಲು ತಟ್ಟಬೇಕು. ವಾಲಿಬಾಲ್ ಕಂಬ ನೆಡಲು ಯಾರನ್ನು ಕೇಳಬೇಕು? ಎಲ್ಲರನ್ನೂ ಕೇಳಬೇಕು, ಅಥವಾ ಯಾರನ್ನೂ ಕೇಳದೆ ನೆಡಬೇಕು. ಬಹಳ ಕಡೆ ನಡೆದಿರುವುದು ಎರಡನೆಯದೇ.

ಎರಡು ಅರ್ಥದ ಆಟ

ಕನ್ನಡದಲ್ಲಿ, ಅದರಲ್ಲೂ ಘಟ್ಟದ ಮೇಲೆ ಕೆಳಗೆ, ‘ಆಟ’ ಎಂಬ ಮಾತಿಗೆ ಎರಡು ಅರ್ಥ. ಮಕ್ಕಳು ಆಡುವುದೂ ಆಟ, ಮೇಳದವರು ರಾತ್ರಿ ಬೆಳಗಾಗುವ ತನಕ ಆಡುವುದೂ ಆಟ. ಯಕ್ಷಗಾನಕ್ಕೆ ಬಯಲಾಟವೆಂಬ ಹೆಸರು ಬಂದಿರುವುದೇ ಅದು ಬಯಲಿನಲ್ಲಿ ನಡೆಯುವುದರಿಂದ. ಮೈದಾನ ಎಂಬ ಪದ ಪಾರಸಿಯಿಂದ ಬಂದದ್ದು. ನಮ್ಮದು ಬಯಲು. ಬಯಲೆಂದರೆ ಗೋಡೆ ಇಲ್ಲದ್ದು, ಟಿಕೆಟ್ ಇಲ್ಲದ್ದು, ಎಲ್ಲರ ಕಣ್ಣಿಗೂ ಬೀಳುವಂಥದ್ದು.

ಮಲೆನಾಡಿನ ಜನ ಈ ಬಯಲನ್ನು ಋತುಮಾನಕ್ಕೆ ತಕ್ಕಂತೆ ಹುಡುಕಿಕೊಂಡರು. ಕೊಯ್ಲು ಮುಗಿದ ಗದ್ದೆ ಬೇಸಿಗೆಯಲ್ಲಿ ಕ್ರಿಕೆಟ್ ಮೈದಾನ. ನಾಟಿಯ ಕಾಲಕ್ಕೆ ಅದೇ ಗದ್ದೆ ಕೆಸರುಗದ್ದೆ ಓಟದ, ಹಗ್ಗಜಗ್ಗಾಟದ ಅಖಾಡ. ಗದ್ದೆಯ ಒಡೆಯ ಉಳುಮೆಗೆ ಇಳಿದ ದಿನ ಆಟ ಮುಗಿಯಿತು. ಯಾರೂ ಅರ್ಜಿ ಕೊಡಲಿಲ್ಲ, ಯಾರೂ ಅಪ್ಪಣೆ ಬರೆಯಲಿಲ್ಲ. ಒಬ್ಬರ ಆಸ್ತಿ, ಬೆಳೆ ಇಲ್ಲದ ತಿಂಗಳುಗಳಲ್ಲಿ ಊರಿನ ಉಪಯೋಗಕ್ಕೆ ಒದಗುವ ಈ ಪದ್ಧತಿಯೇ ಹಂಚಿಕೊಳ್ಳುವಿಕೆಯ ಹಳೆಯ ಪಾಠ. ಆದರೆ ಈಚೆಗೆ ಅನೇಕ ಗದ್ದೆಗಳು ಅಡಿಕೆ ತೋಟವಾಗಿವೆ, ಶುಂಠಿ ಪಟ್ಟೆಗಳಾಗಿವೆ. ಅಡಿಕೆ ಸಸಿಗಳ ನಡುವೆ ಕ್ರಿಕೆಟ್ ಆಡುವಂತಿಲ್ಲ. ಗದ್ದೆ ಕಡಿಮೆಯಾದಷ್ಟೂ ಶಾಲೆಯ ಮೈದಾನದ ಮೇಲಿನ ಭಾರ ಹೆಚ್ಚುತ್ತದೆ.

ಇನ್ನೊಂದು ಬದಿಯನ್ನೂ ಹೇಳಬೇಕು. ಈ ಬೆಟ್ಟಗಳಲ್ಲಿ ಮನರಂಜನೆ ಎಂಬುದು ಎಲ್ಲರಿಗೂ ಸಮನಾಗಿ ಇರಲಿಲ್ಲ. ಯೂರೋಪಿಯನ್ ಪ್ಲಾಂಟರುಗಳು ಬಂದ ಮೇಲೆ ಕಾಫಿ ಸೀಮೆಯಲ್ಲಿ ಕ್ಲಬ್ಬುಗಳು ಹುಟ್ಟಿದವು. ಚಿಕ್ಕಮಗಳೂರಿನ ಕಡೂರು ಕ್ಲಬ್, ಸಕಲೇಶಪುರದ ಮಂಜರಾಬಾದ್ ಕ್ಲಬ್ ಆ ಕಾಲದ ಉಳಿಕೆಗಳು. ಅಲ್ಲಿ ಟೆನ್ನಿಸ್ ಅಂಕಣ, ಬಿಲಿಯರ್ಡ್ಸ್ ಮೇಜು, ಓದುವ ಕೋಣೆ ಎಲ್ಲ ಸದಸ್ಯರಿಗೆ. ತೋಟದ ಲೈನ್ ಮನೆಗಳಲ್ಲಿದ್ದವರಿಗೆ ಸಿಕ್ಕಿದ್ದು ಲೈನಿನ ಮುಂದಿನ ಅಂಗಳ.

ಸ್ವಾತಂತ್ರ್ಯದ ನಂತರ 1951ರಲ್ಲಿ ಬಂದ ತೋಟ ಕಾರ್ಮಿಕರ ಕಾಯ್ದೆ ಈ ವಿಷಯವನ್ನು ಮುಟ್ಟಿತು. ಕಾರ್ಮಿಕರಿಗೂ ಅವರ ಮಕ್ಕಳಿಗೂ ಮನರಂಜನೆಯ ಸೌಲಭ್ಯ ಒದಗಿಸುವಂತೆ ಮಾಲೀಕರಿಗೆ ವಿಧಿಸುವ ನಿಯಮಗಳನ್ನು ರಾಜ್ಯ ಸರ್ಕಾರ ರಚಿಸಬಹುದೆಂದು ಅದು ಹೇಳಿತು. 6ರಿಂದ 12 ವರ್ಷದೊಳಗಿನ ಕಾರ್ಮಿಕರ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಶಾಲೆಯ ಸೌಲಭ್ಯಕ್ಕೂ ಅಲ್ಲಿ ಅವಕಾಶವಿತ್ತು. ಆದರೆ ಮೊದಲಿಗೆ ಅದು ಅನ್ವಯಿಸಿದ್ದು 25 ಎಕರೆ ಮತ್ತು 30 ಕೆಲಸಗಾರರಿಗೆ ಕಡಿಮೆಯಿಲ್ಲದ ತೋಟಗಳಿಗೆ. ಕರ್ನಾಟಕದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಜನ ಸಣ್ಣ ಹಿಡುವಳಿದಾರರು. ಸಣ್ಣ ತೋಟದ ಆಳುಮಕ್ಕಳು ಕಾಯ್ದೆಯ ಹೊರಗೇ ಉಳಿದರು. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಹಳೆಯ ಕಾಯ್ದೆ ಇತಿಹಾಸಕ್ಕೆ ಸೇರಿತು. ಸಣ್ಣ ತೋಟದ ಲೈನಿನ ಮಗುವಿಗೆ ಆಗಲೂ ಈಗಲೂ ದೊರೆತ ಆಟದ ಬಯಲು ಸರ್ಕಾರಿ ಶಾಲೆಯದೇ.

ಜಾತಿಯ ಮಾತೂ ಇಲ್ಲಿ ಬರುತ್ತದೆ. ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಜೊತೆಗೆ, ಸರ್ಕಾರದ ಹಣದಿಂದ ನಡೆಯುವ ಸಾರ್ವಜನಿಕ ಸ್ಥಳಗಳಿಗೆ ಯಾವ ನಾಗರಿಕನನ್ನೂ ಜಾತಿ, ಮತ, ಲಿಂಗ, ಹುಟ್ಟಿದ ಊರುಗಳ ಕಾರಣಕ್ಕೆ ತಡೆಯಕೂಡದೆಂದು ಹೇಳುತ್ತದೆ. ಹಳ್ಳಿಯಲ್ಲಿ ಈ ಮಾತು ಮೊದಲು ನಿಜವಾದ ಕೆಲವೇ ಸ್ಥಳಗಳಲ್ಲಿ ಶಾಲೆಯ ಬಯಲೂ ಒಂದು. ಕಬಡ್ಡಿಯಲ್ಲಿ ಎದುರಾಳಿಯ ಕಾಲು ಹಿಡಿಯದೆ ಆಟವಿಲ್ಲ. ಮೈ ಮುಟ್ಟದೆ ಕಬಡ್ಡಿ ಆಡಿದವರುಂಟೆ?

ಪಟ್ಟಿಯಲ್ಲಿ ಕಾಣದ ಮೈದಾನ

ಈಗ ಕಾನೂನಿನ ಕಡೆ ಬರೋಣ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕ್ರೀಡೆ ರಾಜ್ಯಗಳ ಪಟ್ಟಿಯಲ್ಲಿದೆ. ಶಿಕ್ಷಣ 1976ರ 42ನೆಯ ತಿದ್ದುಪಡಿಯ ನಂತರ ಕೇಂದ್ರ, ರಾಜ್ಯಗಳೆರಡಕ್ಕೂ ಸೇರಿದೆ. 1992ರ 73 ಮತ್ತು 74ನೆಯ ತಿದ್ದುಪಡಿಗಳು ಹಳ್ಳಿ ಮತ್ತು ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೆ ಒಂದೊಂದು ಪಟ್ಟಿ ಕೊಟ್ಟವು. ಪಟ್ಟಣದ ಪಟ್ಟಿಯಲ್ಲಿರುವುದು 18 ವಿಷಯ. ಅದರಲ್ಲಿ ಉದ್ಯಾನ, ಆಟದ ಮೈದಾನಗಳ ಹೆಸರು ಸ್ಪಷ್ಟವಾಗಿದೆ. ಹಳ್ಳಿಯ ಪಟ್ಟಿಯಲ್ಲಿರುವುದು 29 ವಿಷಯ. ಅದರಲ್ಲಿ ಶಾಲೆ ಇದೆ, ಗ್ರಂಥಾಲಯ ಇದೆ, ಸಾಂಸ್ಕೃತಿಕ ಚಟುವಟಿಕೆ ಇದೆ, ಸಮುದಾಯದ ಆಸ್ತಿಗಳ ನಿರ್ವಹಣೆ ಇದೆ. ಆಟದ ಮೈದಾನದ ಹೆಸರಿಲ್ಲ! ಹಳ್ಳಿಯವರಿಗೆ ಆಡಲು ಬೇಕಾದಷ್ಟು ಜಾಗ ಇದ್ದೇ ಇರುತ್ತದೆಂದು ಪಟ್ಟಿ ಬರೆದವರು ಭಾವಿಸಿರಬೇಕು. ಅವರು ಕಾಫಿ ಬೆಟ್ಟಗಳನ್ನು ನೆನೆದಿರಲಾರರು.

ಕರ್ನಾಟಕದ 1993ರ ಅಧಿನಿಯಮ ಈ ಕೊರತೆಯನ್ನು ಸ್ವಲ್ಪ ತುಂಬಿತು. ಗ್ರಾಮ ಪಂಚಾಯಿತಿಯ ಕೆಲಸಗಳಲ್ಲಿ ಸಾರ್ವಜನಿಕ ಉದ್ಯಾನ, ಆಟದ ಮೈದಾನಗಳ ನಿರ್ವಹಣೆ ಸೇರಿತು. ಇನ್ನೊಂದು ಬದಿಯಲ್ಲಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದು ಹೇಳಿತು. ಅದೇ ಅನುಸೂಚಿ ಶಾಲೆಗೆ ಕಾಂಪೌಂಡ್ ಗೋಡೆ ಅಥವಾ ಬೇಲಿಯೂ ಇರಬೇಕೆಂದಿತು. ಮೈದಾನವೂ ಬೇಕು, ಬೇಲಿಯೂ ಬೇಕು. ಎರಡೂ ಸರಿಯೇ. ಆದರೆ ಬೇಲಿಯಾಚೆಯ ಊರು ಏನು ಮಾಡಬೇಕೆಂಬುದನ್ನು ಅದು ಹೇಳಲಿಲ್ಲ.

ನ್ಯಾಯಾಲಯಗಳು ಬಯಲಿನ ಪರವಾಗಿ ನಿಂತದ್ದುಂಟು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಮಾತನ್ನು ಎತ್ತಿಹಿಡಿಯಿತು. 2023ರಲ್ಲಿ ಹರಿಯಾಣದ ಒಂದು ಹಳ್ಳಿಯ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಮೈದಾನವಿಲ್ಲದ ಶಾಲೆ ಇರುವಂತಿಲ್ಲವೆಂದು ಹೇಳಿ, ಶಾಲೆಯ ಮೈದಾನಕ್ಕೆ ಮೀಸಲಾದ ಜಾಗದ ಒತ್ತುವರಿ ತೆರವಿಗೆ ಆದೇಶಿಸಿತು.

ಆದರೆ ಮೈದಾನವನ್ನು ಉಳಿಸುವುದು ಬೇರೆ, ಹಂಚಿಕೊಳ್ಳುವುದು ಬೇರೆ. ಶಾಲೆಯ ಆವರಣವನ್ನು ಶೈಕ್ಷಣಿಕ ಉದ್ದೇಶಗಳಿಗೆ ಬಿಟ್ಟು ಬೇರೆಯದಕ್ಕೆ ಕೊಡಬಾರದೆಂದು 2013ರ ಫೆಬ್ರುವರಿಯಲ್ಲಿ ರಾಜ್ಯದ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ಸಾರ್ವಜನಿಕ ಸ್ಥಳಗಳಲ್ಲಿ ಸಂಘ ಸಂಸ್ಥೆಗಳು ಸೇರಲು ಮುಂಚಿತವಾಗಿ ಅನುಮತಿ ಬೇಕೆಂದು 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಆದೇಶ ಮಾಡಿದಾಗ ದೊಡ್ಡ ವಿವಾದವೆದ್ದಿತು. ಹೈಕೋರ್ಟಿನ ಧಾರವಾಡ ಪೀಠ ಅದೇ ತಿಂಗಳು ಆ ಆದೇಶಕ್ಕೆ ಮಧ್ಯಂತರ ತಡೆ ನೀಡಿತು. ಆ ವಿವಾದದ ರಾಜಕೀಯ ಇಲ್ಲಿ ಪ್ರಸ್ತುತವಲ್ಲ. ಹಳ್ಳಿಯ ಮುಖ್ಯೋಪಾಧ್ಯಾಯರ ಪಾಡನ್ನು ಮಾತ್ರ ನೋಡಿ. ಮೈದಾನ ಕೊಟ್ಟರೆ ಮೇಲಿನವರು ಏಕೆ ಕೊಟ್ಟಿರಿ ಎನ್ನುತ್ತಾರೆ. ಕೊಡದಿದ್ದರೆ ಊರಿನವರು ಏಕೆ ಕೊಡಲಿಲ್ಲ ಎನ್ನುತ್ತಾರೆ. ಇಂಥ ಸ್ಥಿತಿಯಲ್ಲಿ ಬುದ್ಧಿವಂತ ಮೇಷ್ಟರು ಬೀಗ ಹಾಕುವುದೇ ಸಹಜ. ತಪ್ಪು ಅವರದಲ್ಲ. ಬರೆದಿಟ್ಟ ಒಪ್ಪಂದ ಇಲ್ಲದಿರುವುದೇ ತಪ್ಪು.

ಬಂದು ಹೋದ ಯೋಜನೆಗಳು

ಹಣ ಬರಲೇ ಇಲ್ಲವೆಂದು ಹೇಳುವಂತಿಲ್ಲ. ಕೇಂದ್ರ ಸರ್ಕಾರ 2008ರಲ್ಲಿ ‘ಪೈಕಾ’ ಎಂದು ಹೆಸರಾದ ಪಂಚಾಯತ್ ಯುವ ಕ್ರೀಡಾ ಔರ್ ಖೇಲ್ ಅಭಿಯಾನವನ್ನು ಆರಂಭಿಸಿತು. ಹತ್ತು ವರ್ಷಗಳಲ್ಲಿ ದೇಶದ ಎಲ್ಲ ಗ್ರಾಮ ಪಂಚಾಯಿತಿಗಳಲ್ಲೂ ಆಟದ ಮೈದಾನ ಎಂಬುದು ಅದರ ಗುರಿ. ಪಂಚಾಯಿತಿಗೆ ಒಂದು ಬಾರಿ ಒಂದು ಲಕ್ಷ ರೂಪಾಯಿ, ಆಟ ಆಡಿಸಲು ‘ಕ್ರೀಡಾಶ್ರೀ’ ಎಂಬ ಸ್ವಯಂಸೇವಕ, ಹೀಗೆ ಅದರ ಏರ್ಪಾಡು. ಮಲೆನಾಡಿನಲ್ಲಿ ಒಂದು ಲಕ್ಷ ರೂಪಾಯಿಗೆ ಗುಡ್ಡ ಎಷ್ಟು ಕಡಿಯಬಹುದು? ಹತ್ತು ವರ್ಷ ತುಂಬುವ ಮೊದಲೇ, 2014ರಲ್ಲಿ, ಅದರ ಜಾಗಕ್ಕೆ ರಾಜೀವ್ ಗಾಂಧಿ ಖೇಲ್ ಅಭಿಯಾನ ಬಂದಿತು. ಗಮನ ಪಂಚಾಯಿತಿಯಿಂದ ತಾಲ್ಲೂಕು ಮಟ್ಟಕ್ಕೆ ಹೋಯಿತು. ಅದೂ ಮುಂದೆ ‘ಖೇಲೋ ಇಂಡಿಯಾ’ದಲ್ಲಿ ಸೇರಿಹೋಯಿತು. ಅದರ ಕಣ್ಣು ಪದಕದ ಮೇಲೆ. ಪದಕ ಬರಲಿ, ಸಂತೋಷ. ಆದರೆ ಸಂಜೆ ಸುಮ್ಮನೆ ಒಂದು ಗಂಟೆ ಆಡಿ ಮನೆಗೆ ಹೋಗುವ ಹುಡುಗ ಹುಡುಗಿಯರು ಯಾವ ಯೋಜನೆಯ ಲೆಕ್ಕಕ್ಕೆ?

ಹೆಚ್ಚು ಉಪಯೋಗಕ್ಕೆ ಬಂದದ್ದು ಉದ್ಯೋಗ ಖಾತರಿ ಯೋಜನೆ. 2014ರಲ್ಲಿ ಪರಿಷ್ಕೃತವಾದ ಅದರ ಕಾಮಗಾರಿಗಳ ಪಟ್ಟಿಯಲ್ಲಿ ಆಟದ ಮೈದಾನ ಸೇರಿತು. ಕರ್ನಾಟಕದ ಅನೇಕ ಪಂಚಾಯಿತಿಗಳು ಆ ಹಣದಿಂದ ಶಾಲೆಗಳಲ್ಲಿ ಮೈದಾನ ಸಮತಟ್ಟು ಮಾಡಿದವು, ಕಾಂಪೌಂಡು ಕಟ್ಟಿದವು, ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ಅಂಕಣಗಳನ್ನು ಹಾಕಿಸಿದವು. ಆ ಕಾಯ್ದೆಯ ಬದಲು 2025ರ ಡಿಸೆಂಬರ್‌ನಲ್ಲಿ ಸಂಸತ್ತು ಬೇರೆಯ ಕಾಯ್ದೆಯನ್ನು ತಂದಿತು. ಆದರೂ ಒಂದು ಸಂಗತಿ ಉಳಿಯುತ್ತದೆ. ಪಂಚಾಯಿತಿಯ ಹಣದಿಂದ, ಊರಿನ ಕೂಲಿಕಾರರ ಬೆವರಿನಿಂದ, ಶಾಲೆಯ ಜಾಗದಲ್ಲಿ ಆದ ಅಂಕಣ ಅದು. ಅದರ ಮೇಲೆ ಇಬ್ಬರಿಗೂ ಹಕ್ಕುಂಟು, ಇಬ್ಬರಿಗೂ ಹೊಣೆಯುಂಟು.

ಹೊರನಾಡಿನ ಎರಡು ಪಾಠ, ನೆರೆನಾಡಿನ ಒಂದು

ಈ ಸಮಸ್ಯೆ ನಮ್ಮದೊಂದೇ ಅಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ಶೈರ್ ಎಂಬ ಜಿಲ್ಲೆಯಲ್ಲಿ ಹೆನ್ರಿ ಮಾರಿಸ್ ಎಂಬ ಶಿಕ್ಷಣಾಧಿಕಾರಿ ಇದ್ದರು. ಬೇಸಾಯ ಕುಸಿದು ಹಳ್ಳಿಯ ಯುವಕರು ಪಟ್ಟಣ ಸೇರುತ್ತಿದ್ದ ಕಾಲ. ಹಳ್ಳಿಗೆ ಶಾಲೆ ಬೇರೆ, ವಾಚನಾಲಯ ಬೇರೆ, ಸಭಾಭವನ ಬೇರೆ, ಮೈದಾನ ಬೇರೆ ಎಂದು ಕಟ್ಟುತ್ತ ಹೋದರೆ ಯಾವುದೂ ಪೂರ್ತಿಯಾಗದು, ಎಲ್ಲವನ್ನೂ ಒಂದೇ ಆವರಣದಲ್ಲಿ ಕಟ್ಟಿ ಹಗಲು ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕೊಡೋಣವೆಂದು 1924ರಲ್ಲಿ ಅವರು ಒಂದು ಟಿಪ್ಪಣಿ ಬರೆದರು. 1930ರಲ್ಲಿ ಸಾಸ್ಟನ್ ಎಂಬ ಹಳ್ಳಿಯಲ್ಲಿ ಮೊದಲನೆಯ ‘ಗ್ರಾಮ ಕಾಲೇಜು’ ತೆರೆಯಿತು. ನಂತರ 1944ರ ಅಲ್ಲಿನ ಶಿಕ್ಷಣ ಕಾಯ್ದೆ ಆಟ, ಮನರಂಜನೆಗಳ ಸೌಲಭ್ಯ ಒದಗಿಸುವುದನ್ನು ಸ್ಥಳೀಯ ಶಿಕ್ಷಣ ಸಂಸ್ಥೆಗಳ ಕರ್ತವ್ಯವಾಗಿ ಸೇರಿಸಿತು.

ಜಪಾನ್ ಇನ್ನೂ ಸರಳವಾಗಿ ಹೇಳಿತು. 1961ರ ಅಲ್ಲಿನ ಕ್ರೀಡಾ ಪ್ರೋತ್ಸಾಹ ಕಾಯ್ದೆಯ ಪ್ರಕಾರ, ಪಾಠಕ್ಕೆ ಅಡ್ಡಿಯಾಗದ ಮಟ್ಟಿಗೆ ಸರ್ಕಾರಿ ಶಾಲೆಗಳ ಕ್ರೀಡಾ ಸೌಲಭ್ಯವನ್ನು ಜನರ ಉಪಯೋಗಕ್ಕೆ ಒದಗಿಸಲು ಪ್ರಯತ್ನಿಸಬೇಕು. ‘ಪಾಠಕ್ಕೆ ಅಡ್ಡಿಯಾಗದ ಮಟ್ಟಿಗೆ’ ಎಂಬ ಆ ಒಂದು ಮಾತಿನಲ್ಲಿ ಅರ್ಧ ಜಗಳ ತೀರುತ್ತದೆ.

ಮೂರನೆಯ ಉದಾಹರಣೆ ನಮ್ಮ ನೆರೆಯ ಕೊಡಗಿನದು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಉತ್ಸವವನ್ನು ಆರಂಭಿಸಿದರು. ಪ್ರತಿ ವರ್ಷ ಒಂದೊಂದು ಕುಟುಂಬ ಅದನ್ನು ನಡೆಸುವ ಹೊಣೆ ಹೊರುತ್ತದೆ. ಕೊಡಗಿನ ನೆಲವೂ ಮೂಡಿಗೆರೆಯ ನೆಲದಂತೆಯೇ ಏರಿಳಿತದ್ದು, ಕಾಫಿಯದು. ಆದರೂ ನೂರಾರು ತಂಡಗಳು ಆಡುವಷ್ಟು ಬಯಲನ್ನು ಅವರು ಹೊಂದಿಸಿಕೊಳ್ಳುತ್ತಾರೆ. ಅಲ್ಲಿನ ಗುಟ್ಟು ಹಣವೊಂದೇ ಅಲ್ಲ. ಈ ವರ್ಷ ಹೊಣೆ ಯಾರದೆಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಮಳೆಗಾಲದ ಕೊಡುಕೊಳೆ

ಕೊಟ್ಟಿಗೆಹಾರದ ಸುತ್ತಿನಲ್ಲಿ ಈ ವಿಚಾರಕ್ಕೆ ಒಂದು ವಿಶೇಷವಿದೆ. ಅದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು ಶಾಲೆಯ ಮೈದಾನ ಇದ್ದೂ ಇಲ್ಲ. ಪಾಚಿಗಟ್ಟಿದ ನೆಲದಲ್ಲಿ ಕಾಲು ನಿಲ್ಲದು. ರಾಜ್ಯದ ಶಾಲಾ ಕ್ರೀಡಾಕೂಟಗಳು ಹೋಬಳಿ ಮಟ್ಟದಿಂದ ಶುರುವಾಗುವುದು ಸುಮಾರಾಗಿ ಇದೇ ಕಾಲದಲ್ಲಿ. ಬಯಲುಸೀಮೆಯ ಮಕ್ಕಳು ಒಣ ನೆಲದಲ್ಲಿ ಅಭ್ಯಾಸ ಮಾಡುವಾಗ ಇಲ್ಲಿನವರು ಕೊಡೆ ಹಿಡಿದು ನಿಂತಿರುತ್ತಾರೆ. ಮಳೆ ಬಿಟ್ಟ ಮೇಲೆ ಹೊತ್ತು ಬೇಗ ಮುಳುಗುವ ದಿನಗಳು. ಈಚಿನ ವರ್ಷಗಳಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಕಾಡಾನೆಗಳ ಭಯದಿಂದ ಕತ್ತಲಾಗುವ ಮೊದಲೇ ಮಕ್ಕಳನ್ನು ಮನೆ ಸೇರಿಸಬೇಕು. ಹೀಗೆ ಮೈದಾನ ಸಿಕ್ಕರೂ ಆಡುವ ಹೊತ್ತು ಸಿಕ್ಕುವುದು ಸ್ವಲ್ಪ.

ಇದೇ ನಾಲ್ಕು ತಿಂಗಳು ಪಂಚಾಯಿತಿಯ ಕಡೆ ನೋಡಿ. ಮಲೆನಾಡಿನಲ್ಲಿ ಮಳೆಗಾಲ ಮದುವೆಗಳ ಕಾಲವಲ್ಲ. ಸಮುದಾಯ ಭವನಗಳು ಬೀಗ ಹಾಕಿ ನಿಂತಿರುತ್ತವೆ. ಬೇಸಿಗೆಯಲ್ಲಿ ಶಾಲೆಯ ಬಳಿ ಬಯಲಿದೆ, ಊರಿಗೆ ಅದು ಬೇಕು. ಮಳೆಗಾಲದಲ್ಲಿ ಪಂಚಾಯಿತಿಯ ಬಳಿ ಸೂರಿದೆ, ಶಾಲೆಗೆ ಅದು ಬೇಕು. ಶಟ್ಲ್, ಟೇಬಲ್ ಟೆನ್ನಿಸ್, ಕೇರಂ, ಚದುರಂಗ, ಯೋಗ, ಮ್ಯಾಟ್ ಹಾಸಿದರೆ ಕಬಡ್ಡಿ ಅಭ್ಯಾಸ, ಇಷ್ಟಕ್ಕೆ ಒಂದು ಸಮುದಾಯ ಭವನ ಧಾರಾಳ ಸಾಕು. ಶಾಲೆ ಬೇಸಿಗೆಯಲ್ಲಿ ಬಯಲು ಕೊಡುತ್ತದೆ, ಪಂಚಾಯಿತಿ ಮಳೆಗಾಲದಲ್ಲಿ ಸೂರು ಕೊಡುತ್ತದೆ. ಇದರಲ್ಲಿ ಉಪಕಾರದ ಮಾತಿಲ್ಲ, ಮುಯ್ಯಾಳಿನ ಲೆಕ್ಕವಿದೆ. ನಾಟಿಯ ಕಾಲದಲ್ಲಿ ನಿಮ್ಮ ಗದ್ದೆಗೆ ನಾವು, ನಮ್ಮ ಗದ್ದೆಗೆ ನೀವು ಎಂದು ಬದುಕಿದ ಜನಕ್ಕೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಗ್ರಂಥಾಲಯದಲ್ಲಿ ಇಂಥ ಪ್ರಯೋಗ ಆಗಿಹೋಗಿದೆ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದ ಮೇಲೆ, 2020ರಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಶಾಲಾ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳುವ ಕೆಲಸ ನಡೆಯಿತು. ಪುಸ್ತಕದ ಮನೆಯನ್ನು ಹಂಚಿಕೊಳ್ಳುವುದು ಸಾಧ್ಯವಾದರೆ ಆಟದ ಮನೆಯನ್ನು ಹಂಚಿಕೊಳ್ಳುವುದೇಕೆ ಅಸಾಧ್ಯ?

ಇನ್ನೊಂದು ಅನುಭವವನ್ನು ಮರೆಯಬಾರದು. 2019ರ ಆಗಸ್ಟ್‌ನಲ್ಲಿ ಈ ಬೆಟ್ಟಗಳು ಕುಸಿದವು. ಚಾರ್ಮಾಡಿ ಘಾಟಿಯ ರಸ್ತೆ ಮುಚ್ಚಿತು. ಮನೆ ಮಠ ಬಿಟ್ಟು ಬಂದವರಿಗೆ ತಾಲ್ಲೂಕಿನಲ್ಲಿ ಪರಿಹಾರ ಕೇಂದ್ರಗಳನ್ನು ತೆರೆಯಬೇಕಾಯಿತು. ಅಂಥ ಹೊತ್ತಿನಲ್ಲಿ ಕಟ್ಟಡ ಯಾವ ಇಲಾಖೆಯದೆಂದು ಯಾರೂ ಕೇಳುವುದಿಲ್ಲ. ಆಪತ್ತಿನಲ್ಲಿ ಒಂದಾಗುವ ಕಟ್ಟಡಗಳು ಸುಖದ ದಿನಗಳಲ್ಲೂ ಒಂದಾಗಿದ್ದರೆ, ಬೀಗದ ಕೈ ಎಲ್ಲಿದೆ, ನೀರಿನ ಟ್ಯಾಂಕು ಸರಿಯಿದೆಯೆ ಎಂಬುದು ಮೊದಲೇ ಗೊತ್ತಿರುತ್ತದೆ.

ಬೀಗದ ಕೈ ಯಾರಲ್ಲಿ?

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು, ದಾಖಲೆ. ಹಿಂದೆ ಊರಿನ ಹಿರಿಯರು ಬಾಯಿಮಾತಿನಲ್ಲಿ ದಾನ ಕೊಟ್ಟ ಶಾಲೆಯ ಜಾಗ ಎಷ್ಟೋ ಕಡೆ ಇನ್ನೂ ಶಾಲೆಯ ಹೆಸರಿಗೆ ಖಾತೆಯಾಗಿಲ್ಲ. ಮೊಮ್ಮಕ್ಕಳ ಕಾಲಕ್ಕೆ ಪಹಣಿ ಹಿಡಿದು ಬೇಲಿ ಸರಿಸುವವರು ಬರುತ್ತಾರೆ. ಮಲೆನಾಡಿನಲ್ಲಿ ಇದರ ಮೇಲೆ ಅರಣ್ಯದ ಗಡಿಯ ತಕರಾರು ಬೇರೆ. ಅಳತೆ ಮಾಡಿಸಿ, ಕಲ್ಲು ನೆಡಿಸಿ, ಖಾತೆ ಮಾಡಿಸುವುದು ಎಲ್ಲಕ್ಕಿಂತ ಮುಂಚಿನ ಕೆಲಸ. ಮೈದಾನವೇ ಉಳಿಯದಿದ್ದರೆ ಹಂಚಿಕೊಳ್ಳುವುದೇನನ್ನು?

ಎರಡನೆಯದು, ಬರಹದ ಒಪ್ಪಂದ. ಶಾಲೆಗಳಿಗೆ 2001ರಿಂದ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. 2006ರ ಮಾದರಿ ಉಪವಿಧಿಗಳು ಅವನ್ನು ಪಂಚಾಯತ್ ರಾಜ್ ಚೌಕಟ್ಟಿಗೆ ತಂದವು. ಆ ಸಮಿತಿ, ಮುಖ್ಯೋಪಾಧ್ಯಾಯರು, ಗ್ರಾಮ ಪಂಚಾಯಿತಿ ಮೂವರೂ ಕೂತು ಒಂದು ಹಾಳೆಯ ಕರಾರು ಬರೆದು ಇಲಾಖೆಯ ಒಪ್ಪಿಗೆ ಪಡೆಯಬಹುದು. ಶಾಲೆಯ ವೇಳೆಯಲ್ಲಿ ಹೊರಗಿನವರಿಗೆ ಪ್ರವೇಶವಿಲ್ಲ. ಸಂಜೆ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಊರಿಗೆ. ಪರೀಕ್ಷೆಯ ದಿನ ಧ್ವನಿವರ್ಧಕವಿಲ್ಲ. ಕುಡಿದು ಬಂದವರಿಗೆ ಗೇಟಿಲ್ಲ. ಶೌಚಾಲಯದ ನೀರು ಮತ್ತು ಗುಡಿಸುವ ಕೂಲಿ ಪಂಚಾಯಿತಿಯದು. ಮುರಿದ ಹೆಂಚು, ಹರಿದ ನೆಟ್ಟು ಕೊನೆಗೆ ಆಡಿದ ತಂಡದ್ದು. ಕೈ ಮುರಿದರೆ ಆಸ್ಪತ್ರೆಗೆ ಯಾರು ಕರೆದೊಯ್ಯಬೇಕು ಎಂಬುದನ್ನೂ ಅದರಲ್ಲಿ ಬರೆಯಬೇಕು. ಬೀಗದ ಕೈ ಎರಡು, ಒಂದು ಶಾಲೆಯಲ್ಲಿ, ಇನ್ನೊಂದು ಪಂಚಾಯಿತಿ ಕಚೇರಿಯಲ್ಲಿ. ಕೇಳುವವರೆಲ್ಲರಿಗೂ ಒಂದೇ ನಿಯಮ.

ಮೂರನೆಯದು, ಯಾರು ಆಡುತ್ತಾರೆಂಬ ಎಚ್ಚರ. ಊರಿಗೆ ಬಿಟ್ಟ ಮೈದಾನ ಎಂದರೆ ಬಹುತೇಕ ಕಡೆ ಹದಿನೆಂಟರಿಂದ ಮೂವತ್ತರ ಗಂಡು ಹುಡುಗರ ಟೆನ್ನಿಸ್ ಚೆಂಡಿನ ಕ್ರಿಕೆಟ್ ಎಂದೇ ಆಗಿಬಿಡುತ್ತದೆ. ಹುಡುಗಿಯರು ಏಳನೆಯ ತರಗತಿ ದಾಟಿದ ಮೇಲೆ ಮೈದಾನದ ಅಂಚಿಗೆ ಸರಿಯುತ್ತಾರೆ, ಆ ಮೇಲೆ ಅಂಚಿನಲ್ಲೂ ಇರುವುದಿಲ್ಲ. ವಾರದಲ್ಲಿ ಎರಡು ಸಂಜೆ ಥ್ರೋಬಾಲ್, ಖೋ ಖೋ ಆಡುವ ಹುಡುಗಿಯರಿಗೇ ಮೀಸಲು ಎಂದು ಕರಾರಿನಲ್ಲಿ ಬರೆಯಬೇಕು. ಪಂಚಾಯಿತಿಯ ಸದಸ್ಯ ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗಿರುವಾಗ ಇದನ್ನು ಕೇಳುವವರಿಲ್ಲವೆನ್ನುವಂತಿಲ್ಲ. ಕುಂದಾಪುರ ತಾಲ್ಲೂಕಿನ ಕೆರಾಡಿ ಮುಂತಾದೆಡೆ 1990ರ ದಶಕದಲ್ಲಿ ಮಕ್ಕಳೇ ತಮ್ಮ ಪಂಚಾಯಿತಿಗಳನ್ನು ನಡೆಸಿದರು. ಇಂದು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುವುದು ಪಂಚಾಯಿತಿಗಳ ಕರ್ತವ್ಯ. ಮೈದಾನದ ವೇಳಾಪಟ್ಟಿಯನ್ನು ಆ ಸಭೆಯ ಮುಂದಿಟ್ಟರೆ ಸಾಕು, ಯಾರಿಗೆ ಜಾಗ ಸಿಗುತ್ತಿಲ್ಲವೆಂಬುದು ಐದು ನಿಮಿಷದಲ್ಲಿ ಹೊರಬೀಳುತ್ತದೆ.

ಕೊನೆಯ ಮಾತು ಸ್ವಲ್ಪ ಕಹಿಯಾದದ್ದು. ಮಲೆನಾಡಿನಲ್ಲಿ ಸರ್ಕಾರಿ ಶಾಲೆಗಳು ಮಕ್ಕಳಿಲ್ಲದೆ ಒಂದೊಂದಾಗಿ ಮುಚ್ಚುತ್ತಿವೆ. ಕೆಲವರು ಇಂಗ್ಲಿಷ್ ಶಾಲೆಯ ವ್ಯಾನು ಹತ್ತುತ್ತಾರೆ, ಕೆಲವರು ಪೇಟೆಗೆ ವಲಸೆ ಹೋಗುತ್ತಾರೆ. ಶಾಲೆ ಮುಚ್ಚಿದ ಮರುವರ್ಷ ಮೈದಾನದಲ್ಲಿ ಲಂಟಾನ ಬೆಳೆಯುತ್ತದೆ. ಅದರ ಮರುವರ್ಷ ಯಾರದೋ ತೋಟದ ಬೇಲಿ ಅದನ್ನು ನುಂಗುತ್ತದೆ. ಊರಿನವರು ದಿನವೂ ಕಾಲಿಡುವ ಮೈದಾನವನ್ನು ಹಾಗೆ ನುಂಗಲಾಗದು. ಅದನ್ನು ಕಾಯಲು ನೂರು ಕಣ್ಣುಗಳಿರುತ್ತವೆ. ಮೈದಾನವನ್ನು ಹಂಚಿಕೊಂಡರೆ ಶಾಲೆಗೆ ನಷ್ಟವೆಂದು ತಿಳಿಯುವವರು ಇದನ್ನು ಯೋಚಿಸಬೇಕು. ಊರು ತನ್ನದೆಂದು ತಿಳಿಯದ ಶಾಲೆಯ ಪರವಾಗಿ, ಮುಚ್ಚುವ ದಿನ ಬಂದಾಗ ಮಾತಾಡಲು ಊರಿನಲ್ಲಿ ಯಾರೂ ಇರುವುದಿಲ್ಲ.